ಟೈರಿನ ಮೇಲಿನ ಅಕ್ಷರ ಮತ್ತು ಅಂಕಿಗಳು: ವಾಹನವುಳ್ಳ ವರ್ತಕರು ಓದಬೇಕಾದ ದಾಖಲೆ

ಸರಕು ಖರೀದಿಸುವ ವರ್ತಕನು ಬಿಲ್ಲಿನ ಪ್ರತಿಯೊಂದು ಸಾಲನ್ನೂ ಓದುತ್ತಾನೆ. ತೂಕ, ದರ, ತೆರಿಗೆ, ತಯಾರಿಕೆಯ ದಿನಾಂಕ ಇವುಗಳಲ್ಲಿ ಒಂದು ತಪ್ಪಿದರೂ ಸರಕನ್ನು ಹಿಂದಿರುಗಿಸುತ್ತಾನೆ. ಅದೇ ವರ್ತಕನು ತನ್ನ ಕಾರಿಗೋ ಸರಕು ಸಾಗಿಸುವ ಸಣ್ಣ ವಾಹನಕ್ಕೋ ನಾಲ್ಕು ಟೈರುಗಳನ್ನು ಹಾಕಿಸುವಾಗ ಮಾತ್ರ ಕಂಪನಿಯ ಹೆಸರು ಮತ್ತು ಬೆಲೆ, ಇವೆರಡನ್ನೇ ವಿಚಾರಿಸಿ ವ್ಯವಹಾರ ಮುಗಿಸುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ಅನೇಕ ಸಂಸ್ಥೆಗಳಲ್ಲಿ ಈ ಕೆಲಸವನ್ನು ಚಾಲಕನಿಗೇ ವಹಿಸಿಬಿಡುವುದೂ ಉಂಟು. ವಾಸ್ತವವಾಗಿ ಟೈರಿನ ಪಕ್ಕದ ಮೈಯಲ್ಲಿ ಅಚ್ಚಾಗಿರುವ ಬರಹವು ಬಿಲ್ಲಿಗಿಂತ ಹೆಚ್ಚು ಮಾಹಿತಿಯನ್ನು ಒಳಗೊಂಡಿರುತ್ತದೆ. ಟೈರಿನ ಅಳತೆ, ಅದು ಹೊರಬಲ್ಲ ಭಾರ, ತಾಳಬಲ್ಲ ವೇಗ, ತಯಾರಾದ ವಾರ ಮತ್ತು ವರ್ಷ, ಸರ್ಕಾರದ ಮಾನಕಕ್ಕೆ ಒಳಪಟ್ಟಿದೆಯೇ ಇಲ್ಲವೇ ಎಂಬುದು, ಇಷ್ಟೂ ಅಲ್ಲಿವೆ. ಅದನ್ನು ಓದದೆ ಕೊಂಡ ಟೈರಿನಿಂದಾಗುವ ನಷ್ಟವು ಹಣಕ್ಕಷ್ಟೇ ಸೀಮಿತವಾಗಿರುವುದಿಲ್ಲ. ಅದರ ಮೇಲೆ ಕುಳಿತು ಘಟ್ಟ ಇಳಿಯುವವರು ಮಾಲೀಕನ ಮನೆಯವರು ಅಥವಾ ಸಂಸ್ಥೆಯ ನೌಕರರು ಆಗಿರುತ್ತಾರೆ.

ಅಳತೆಯನ್ನು ಓದುವ ಕ್ರಮ

ಸಣ್ಣ ಕಾರುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಒಂದು ಟೈರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಮೇಲೆ 165/80 ಆರ್ 14 85 ಟಿ ಎಂದು ಬರೆದಿರುತ್ತದೆ. ಇದರಲ್ಲಿ 165 ಎಂಬುದು ಟೈರಿನ ಅಡ್ಡ ಅಗಲ, ಮಿಲಿಮೀಟರುಗಳಲ್ಲಿ. ಓರೆಗೆರೆಯ ನಂತರದ 80 ಎಂಬುದು ಪಕ್ಕದ ಮೈಯ ಎತ್ತರವು ಆ ಅಗಲದ ಶೇಕಡಾ ಎಷ್ಟು ಎಂಬುದನ್ನು ಸೂಚಿಸುತ್ತದೆ. ಅಂದರೆ 165ರ ಶೇ. 80, ಒಟ್ಟು 132 ಮಿ.ಮೀ. ಆರ್ ಎಂದರೆ ರೇಡಿಯಲ್ ರಚನೆ. 14 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾವಾರು ಮತ್ತು ಅಂಗುಲ ಮೂರೂ ಬೆರೆತಿರುವುದು ವಿಚಿತ್ರವೆನಿಸಿದರೂ ಜಗತ್ತಿನಾದ್ಯಂತ ಇದೇ ಪದ್ಧತಿ ರೂಢಿಯಲ್ಲಿದೆ. ಹಳೆಯ ಮಾದರಿಯ ಲಾರಿ ಟೈರುಗಳಲ್ಲಿ 10.00-20 ಎಂಬಂತೆ ಅಗಲವೂ ಅಂಗುಲದಲ್ಲೇ ಇರುತ್ತದೆ. ನಡುವೆ ಆರ್ ಬದಲು ಕಿರುಗೆರೆಯಿದ್ದರೆ ಅದು ರೇಡಿಯಲ್ ಅಲ್ಲ, ಅಡ್ಡ ಪದರಗಳ ನೈಲಾನ್ ಟೈರು.

ಈ ಲೆಕ್ಕವನ್ನು ತಿಳಿದಿರುವುದರಿಂದ ಪ್ರಯೋಜನವಿದೆ. ಒಂದೇ ಮಾದರಿಯ ಕಾರಿನ ಕಡಿಮೆ ಬೆಲೆಯ ಆವೃತ್ತಿಗೆ 165/80 ಆರ್ 14, ಹೆಚ್ಚಿನ ಬೆಲೆಯ ಆವೃತ್ತಿಗೆ 185/65 ಆರ್ 15 ಟೈರುಗಳನ್ನು ಕೊಡುವುದುಂಟು. ಮೊದಲನೆಯದರ ಒಟ್ಟು ವ್ಯಾಸ ಸುಮಾರು 620 ಮಿ.ಮೀ., ಎರಡನೆಯದರದು ಸುಮಾರು 622 ಮಿ.ಮೀ. ರಿಮ್ಮು ದೊಡ್ಡದಾದರೂ ಪಕ್ಕದ ಮೈ ತಗ್ಗಿರುವುದರಿಂದ ಚಕ್ರದ ಸುತ್ತಳತೆ ಹೆಚ್ಚುಕಡಿಮೆ ಒಂದೇ ಆಗಿ ಉಳಿಯುತ್ತದೆ. ಹಾಗಲ್ಲದೆ ಅಂದಕ್ಕೆಂದು ಅದೇ 14 ಅಂಗುಲದ ರಿಮ್ಮಿಗೆ 185/80 ಟೈರನ್ನು ಹಾಕಿಸಿದರೆ ವ್ಯಾಸವು 652 ಮಿ.ಮೀ. ಸಮೀಪಕ್ಕೆ, ಅಂದರೆ ಶೇ. 5ಕ್ಕಿಂತ ಹೆಚ್ಚಾಗಿ ಬೆಳೆಯುತ್ತದೆ. ಸ್ಪೀಡೋಮೀಟರು 100 ಕಿ.ಮೀ. ತೋರಿಸುವಾಗ ಮೊದಲಿಗಿಂತ ಸುಮಾರು 5 ಕಿ.ಮೀ. ಹೆಚ್ಚಿನ ವೇಗದಲ್ಲಿ ವಾಹನ ಓಡುತ್ತಿರುತ್ತದೆ. ಓಡಿದ ಕಿಲೋಮೀಟರು ಕಡಿಮೆ ದಾಖಲಾಗಿ ಇಂಧನದ ಲೆಕ್ಕವೂ ತಪ್ಪುತ್ತದೆ. ಸ್ಟೀರಿಂಗ್ ಪೂರ್ಣ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವ ಸಂಭವವೂ ಇದೆ. ವಾಹನದ ಕೈಪಿಡಿಯಲ್ಲಿ ಹೇಳಿರುವ ಅಳತೆಗಳ ಹೊರಗೆ ಹೋಗದಿರುವುದು ಕ್ಷೇಮ.

ಭಾರದ ಅಂಕಿ

ವರ್ತಕರ ಮಟ್ಟಿಗೆ ಅತ್ಯಂತ ಮಹತ್ವದ ಭಾಗವೆಂದರೆ ಅಳತೆಯ ನಂತರ ಬರುವ 85 ಟಿ ಎಂಬಂತಹ ಸಂಕೇತ. ಇದರಲ್ಲಿ 85 ಎಂಬುದು ಭಾರದ ಸೂಚ್ಯಂಕ. ಇದು ಕಿಲೋಗ್ರಾಮಿನ ಲೆಕ್ಕವಲ್ಲ, ಕೋಷ್ಟಕದ ಅಂಕಿ. 75 ಎಂದರೆ ಒಂದು ಟೈರಿಗೆ 387 ಕಿ.ಗ್ರಾಂ., 82 ಎಂದರೆ 475, 85 ಎಂದರೆ 515, 88 ಎಂದರೆ 560, 91 ಎಂದರೆ 615, 95 ಎಂದರೆ 690, 100 ಎಂದರೆ 800 ಕಿ.ಗ್ರಾಂ. ಕೊನೆಯ ಅಕ್ಷರವು ಆ ಭಾರದೊಂದಿಗೆ ತಾಳಬಲ್ಲ ಗರಿಷ್ಠ ವೇಗ. ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಎಸ್ 180, ಟಿ 190, ಎಚ್ 210, ವಿ 240. ಎಚ್ ಅಕ್ಷರವು ಕ್ರಮ ತಪ್ಪಿ ಟಿ ಮತ್ತು ವಿ ನಡುವೆ ಸೇರಿಕೊಂಡಿರುವುದನ್ನು ಗಮನಿಸಬೇಕು. ನಮ್ಮ ರಸ್ತೆಗಳಲ್ಲಿ ವೇಗದ ಅಕ್ಷರವು ವಿವಾದದ ವಿಷಯವಾಗುವುದು ಅಪರೂಪ. ಭಾರದ ಅಂಕಿಯ ವಿಷಯ ಹಾಗಲ್ಲ.

ಸಣ್ಣ ಸರಕು ವಾಹನವೊಂದರ ಹಿಂದಿನ ಅಚ್ಚಿನ ಮೇಲೆ ಪೂರ್ಣ ಭಾರ ಹೇರಿದಾಗ 1,100 ಕಿ.ಗ್ರಾಂ. ಬೀಳುತ್ತದೆ ಎಂದು ಭಾವಿಸಿದರೆ, ಪ್ರತಿ ಟೈರಿನ ಪಾಲು 550 ಕಿ.ಗ್ರಾಂ. ಇದಕ್ಕೆ ಕನಿಷ್ಠ 88ರ ಸೂಚ್ಯಂಕದ ಟೈರು ಬೇಕು. ಅದೇ ರಿಮ್ಮಿಗೆ ಕೂರುವ, ನೋಡಲು ಒಂದೇ ತೆರನಾದ, ಆದರೆ 82 ಎಂದು ಬರೆದಿರುವ ಕಾರಿನ ಟೈರು ಕೆಲವು ನೂರು ರೂಪಾಯಿ ಅಗ್ಗಕ್ಕೆ ದೊರೆತೀತು. ಅದನ್ನು ಹಾಕಿಸಿದ ದಿನದಿಂದಲೇ ಪ್ರತಿ ಟೈರೂ ತನ್ನ ಶಕ್ತಿಗಿಂತ 75 ಕಿ.ಗ್ರಾಂ. ಹೆಚ್ಚು ಹೊರುತ್ತಿರುತ್ತದೆ. ಅದರ ಮೇಲೆ ನಾಲ್ಕು ಚೀಲ ಹೆಚ್ಚುವರಿ ಸರಕು ಹೇರಿದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಭಾರ ಹೆಚ್ಚಿದಂತೆ ಟೈರಿನ ಪಕ್ಕದ ಮೈ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ಬಾಗುವಿಕೆಯಿಂದ ಶಾಖ ಹುಟ್ಟುತ್ತದೆ. ಶಾಖದಿಂದ ಒಳಗಿನ ಪದರಗಳ ಅಂಟು ಸಡಿಲವಾಗುತ್ತದೆ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯ ರಸ್ತೆಯಲ್ಲಿ ಟೈರು ಸಿಡಿಯುವುದು ಬಹುತೇಕ ಹೀಗೆಯೇ ಹೊರತು ಕೇವಲ ಬಿಸಿಲಿನ ಕಾರಣದಿಂದಲ್ಲ.

ಸರಕು ವಾಹನಗಳ ಟೈರಿನ ಮೇಲೆ ಎಲ್.ಟಿ. ಅಥವಾ ಸಿ ಎಂಬ ಅಕ್ಷರವೂ, 8 ಪಿ.ಆರ್. ಎಂಬಂತಹ ಪ್ಲೈ ರೇಟಿಂಗ್ ಕೂಡ ಇರುತ್ತದೆ. ಹಿಂದೆ ಹತ್ತಿಯ ಬಟ್ಟೆಯ ಪದರಗಳನ್ನು ಎಣಿಸುತ್ತಿದ್ದ ಕಾಲದ ಪಳೆಯುಳಿಕೆ ಇದು. ಇಂದಿನ ಟೈರಿನಲ್ಲಿ ಎಂಟು ಪದರಗಳಿರುವುದಿಲ್ಲ, ಅಷ್ಟು ಪದರಗಳಿಗೆ ಸಮನಾದ ಬಲವಿದೆ ಎಂದಷ್ಟೇ ಅರ್ಥ. ಸಣ್ಣ ಸರಕು ವಾಹನಗಳಿಗೆ 145 ಆರ್ 12 ಎಲ್.ಟಿ. 8 ಪಿ.ಆರ್. ಎಂಬಂತಹ ಟೈರು ಬರುವುದು ಇದೇ ಕಾರಣಕ್ಕೆ. ಲಾರಿ ಟೈರುಗಳಲ್ಲಿ 146/143 ಎಂದು ಎರಡು ಅಂಕಿಗಳಿದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ ಅನ್ವಯಿಸುತ್ತದೆ. 146 ಎಂದರೆ 3,000 ಕಿ.ಗ್ರಾಂ., 143 ಎಂದರೆ 2,725 ಕಿ.ಗ್ರಾಂ. ಜೋಡಿಯಲ್ಲಿ ಭಾರವು ಎರಡರ ಮೇಲೂ ಸಮನಾಗಿ ಹಂಚಿಕೆಯಾಗುವುದಿಲ್ಲವಾದ್ದರಿಂದ ಈ ಕಡಿತ. ಅತಿಭಾರಕ್ಕೆ ಮೋಟಾರು ವಾಹನ ಕಾಯಿದೆಯ 194ನೆಯ ಕಲಮಿನಡಿ 2019ರ ತಿದ್ದುಪಡಿಯ ನಂತರ ₹20,000 ದಂಡ ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ ₹2,000 ವಿಧಿಸಲವಕಾಶವಿದೆ ಎಂಬುದನ್ನೂ ಇಲ್ಲಿಯೇ ನೆನಪಿಸಬಹುದು.

ತಯಾರಿಕೆಯ ವಾರ

ಪಕ್ಕದ ಮೈಯಲ್ಲಿ ಅಂಡಾಕಾರದ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಅನೇಕ ಟೈರುಗಳಲ್ಲಿ ಡಿ.ಒ.ಟಿ. ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ಇವು ಕಾಣಸಿಗುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ, ಅಂದರೆ ಜೂನ್ ತಿಂಗಳ ಮೊದಲ ಭಾಗದಲ್ಲಿ, ತಯಾರಾದ ಟೈರು ಎಂದರ್ಥ. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಹಿಂದಿನದು. ಅಂತಹ ಟೈರು ಇನ್ನೂ ಯಾವುದಾದರೂ ಹಳೆಯ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯಾಗಿ ಮಲಗಿದ್ದರೆ ಆಶ್ಚರ್ಯವಿಲ್ಲ. ದಿನಾಂಕವು ಒಂದೇ ಪಕ್ಕದಲ್ಲಿ ಅಚ್ಚಾಗಿದ್ದು, ಟೈರನ್ನು ಕೂರಿಸುವಾಗ ಆ ಪಕ್ಕ ಒಳಮುಖವಾಗಿ ಹೋಗುವುದೂ ಉಂಟು. ಆದುದರಿಂದ ರಿಮ್ಮಿಗೆ ಕೂರಿಸುವ ಮೊದಲೇ ನೋಡತಕ್ಕದ್ದು.

ರಬ್ಬರು ಬಳಸದಿದ್ದರೂ ಮುದಿಯಾಗುತ್ತದೆ. ಗಾಳಿ, ಬಿಸಿಲು, ಶಾಖಗಳಿಂದ ಅದು ಗಡುಸಾಗಿ ಸಣ್ಣ ಬಿರುಕು ಬಿಡುತ್ತದೆ. ವಾರಕ್ಕೊಮ್ಮೆ ಮಾತ್ರ ಹೊರಬೀಳುವ ಕಾರಿನ ಟೈರಿನಲ್ಲಿ ಕಚ್ಚು ಆಳವಾಗಿಯೇ ಉಳಿದು, ನೋಡುವವರಿಗೆ ಹೊಸದರಂತೆ ಕಂಡರೂ, ಅದರ ಹಿಡಿತ ಕುಗ್ಗಿರುತ್ತದೆ. ಐದು ವರ್ಷಗಳಾದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷೆ, ಹತ್ತು ವರ್ಷಗಳಾದ ಮೇಲೆ ಸವೆಯದಿದ್ದರೂ ಬದಲಾವಣೆ, ಇದು ಪ್ರಮುಖ ತಯಾರಕರು ನೀಡುತ್ತಿರುವ ಸಲಹೆ. ಕೆಲವು ವಾಹನ ತಯಾರಕರು ಆರು ವರ್ಷಕ್ಕೇ ಬದಲಿಸಲು ಹೇಳುತ್ತಾರೆ. ಅಂಗಡಿಯಲ್ಲಿ ಕೆಲವು ತಿಂಗಳ ಹಿಂದೆ ತಯಾರಾದ ಟೈರು ಸಿಕ್ಕರೆ ಆಕ್ಷೇಪಿಸಬೇಕಾದುದಿಲ್ಲ. ಎರಡು ಮೂರು ವರ್ಷದ ಹಳೆಯ ದಾಸ್ತಾನನ್ನು ಭಾರಿ ರಿಯಾಯಿತಿಯ ಹೆಸರಿನಲ್ಲಿ ಕೊಡುತ್ತಿದ್ದರೆ ಮಾತ್ರ ಆ ರಿಯಾಯಿತಿಯ ಕಾರಣ ಎಲ್ಲಿ ಅಚ್ಚಾಗಿದೆ ಎಂಬುದನ್ನು ಕೊಳ್ಳುವವರು ನೋಡಬೇಕು. ಬಿಲ್ಲಿನಲ್ಲಿ ಟೈರಿನ ಕ್ರಮಸಂಖ್ಯೆಯನ್ನೂ ಈ ನಾಲ್ಕು ಅಂಕಿಗಳನ್ನೂ ಬರೆಸಿಕೊಂಡಲ್ಲಿ ಮುಂದೆ ವಾರಂಟಿ ಕೇಳುವಾಗ ತಕರಾರಿಗೆ ಆಸ್ಪದವಿರುವುದಿಲ್ಲ.

ಇತರ ಗುರುತುಗಳು

ಕೇಂದ್ರ ಸರ್ಕಾರದ 2009ರ ಗುಣಮಟ್ಟ ನಿಯಂತ್ರಣ ಆದೇಶದಂತೆ ವಾಹನಗಳ ಟೈರು ಮತ್ತು ಟ್ಯೂಬುಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯ. ಕಾರಿನ ಟೈರಿಗೆ ಐ.ಎಸ್. 15633, ವಾಣಿಜ್ಯ ವಾಹನಕ್ಕೆ ಐ.ಎಸ್. 15636, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಐ.ಎಸ್. 15627 ಎಂಬ ಮಾನಕಗಳಿವೆ. ವೃತ್ತದೊಳಗೆ ಇ ಅಕ್ಷರವೂ ಒಂದು ಅಂಕಿಯೂ ಇದ್ದರೆ ಅದು ಯುರೋಪಿನ ನಿಯಮಗಳಡಿ ಅನುಮೋದನೆ ನೀಡಿದ ದೇಶದ ಸಂಖ್ಯೆ. ಇ 4 ಎಂದಿದ್ದ ಮಾತ್ರಕ್ಕೆ ಟೈರು ನೆದರ್ಲೆಂಡ್ಸಿನಲ್ಲಿ ತಯಾರಾಯಿತೆಂದು ತಿಳಿಯಬಾರದು, ಅನುಮೋದನೆ ಅಲ್ಲಿಯದು ಅಷ್ಟೆ. ಟೈರಿನ ಮೇಲೆ ಬಾಣದ ಗುರುತಿದ್ದರೆ ಚಕ್ರವು ಆ ದಿಕ್ಕಿಗೇ ಉರುಳಬೇಕು. ಔಟ್‌ಸೈಡ್ ಎಂದಿದ್ದರೆ ಆ ಪಕ್ಕ ಹೊರಗೇ ಇರಬೇಕು. ಅವಸರದಲ್ಲಿ ಇವೆರಡನ್ನೂ ತಲೆಕೆಳಗಾಗಿ ಕೂರಿಸಿದ ನಿದರ್ಶನಗಳು ಸಾಕಷ್ಟಿವೆ. ಕಚ್ಚಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಂಡಿನಂತೆ ಎದ್ದಿರುವ ರಬ್ಬರು ಸವೆತದ ಸೂಚಕ. ಅದು ಎಲ್ಲಿದೆಯೆಂದು ತೋರಿಸಲು ಟೈರಿನ ಅಂಚಿನಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುತ್ತದೆ. ಕಾರಿನ ಟೈರಿನಲ್ಲಿ ಈ ದಿಂಡಿನ ಎತ್ತರ 1.6 ಮಿ.ಮೀ. ಮೇಲ್ಮೈ ಸವೆದು ದಿಂಡಿನ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ಮಳೆಗಾಲದಲ್ಲಿ ಶಿರಾಡಿ ಅಥವಾ ಅರಬೈಲು ಘಟ್ಟದ ಮಾರ್ಗವಾಗಿ ಸಂಚರಿಸುವ ವಾಹನಗಳು ಅಲ್ಲಿಯವರೆಗೆ ಕಾಯುವುದೂ ತರವಲ್ಲ, ಕಚ್ಚು ತಗ್ಗಿದಷ್ಟೂ ನೀರನ್ನು ಹೊರಹಾಕುವ ಶಕ್ತಿ ಕುಂದುತ್ತದೆ.

ಒತ್ತಡದ ವಿಷಯದಲ್ಲಿ ಒಂದು ತಪ್ಪುಗ್ರಹಿಕೆ ವ್ಯಾಪಕವಾಗಿದೆ. ಟೈರಿನ ಮೇಲೆ 300 ಕೆ.ಪಿ.ಎ. ಅಥವಾ 44 ಪಿ.ಎಸ್.ಐ. ಎಂದು ಬರೆದಿರುವುದು ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ತುಂಬಬೇಕಾದ ಪ್ರಮಾಣವು ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿರುತ್ತದೆ. ಇಬ್ಬರು ಕುಳಿತಾಗ ಎಷ್ಟು, ಪೂರ್ಣ ಭಾರಕ್ಕೆ ಎಷ್ಟು ಎಂದು ಅದರಲ್ಲಿ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಬೆಳಿಗ್ಗೆ ವಾಹನ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆದ ಒತ್ತಡವೇ ಪ್ರಮಾಣ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರು 4-5 ಪಿ.ಎಸ್.ಐ. ಹೆಚ್ಚು ತೋರಿಸುವುದು ಸಹಜ, ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕೊರತೆಯಾಗುತ್ತದೆ. ನೈಟ್ರೋಜನ್ ತುಂಬಿಸುವುದರ ಬಗ್ಗೆ ವಿಶೇಷ ವ್ಯಾಮೋಹ ಅನಗತ್ಯ. ಸಾಮಾನ್ಯ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಅದರಿಂದ ಹಾನಿಯಿಲ್ಲ, ಆದರೆ ಹದಿನೈದು ದಿನಕ್ಕೊಮ್ಮೆ ಒತ್ತಡ ನೋಡುವ ಅಭ್ಯಾಸಕ್ಕೆ ಅದು ಬದಲಿಯಲ್ಲ.

ಚಕ್ರ ಬದಲಿಸುವಾಗ

ಹೆಚ್ಚುವರಿ ಚಕ್ರವನ್ನು ನಮ್ಮಲ್ಲಿ ಸ್ಟೆಪ್ನಿ ಎನ್ನುತ್ತಾರೆ. ವೇಲ್ಸ್ ದೇಶದ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹೆಚ್ಚುವರಿ ಚಕ್ರವನ್ನು ತಯಾರಿಸಿ ಮಾರತೊಡಗಿದ ಕಂಪನಿಯ ಹೆಸರು ಅದು. ಇಂಗ್ಲೆಂಡಿನವರು ಆ ಪದವನ್ನು ಮರೆತಿದ್ದಾರೆ, ಭಾರತದ ಪ್ರತಿಯೊಬ್ಬ ಪಂಚರ್ ಅಂಗಡಿಯವನೂ ಉಳಿಸಿಕೊಂಡಿದ್ದಾನೆ. ಈ ಸ್ಟೆಪ್ನಿಯಲ್ಲಿ ಗಾಳಿಯಿಲ್ಲ ಎಂಬ ಸಂಗತಿ ಪಂಚರ್ ಆದ ರಾತ್ರಿಯೇ ಗೊತ್ತಾಗುವುದು ಎಲ್ಲರಿಗೂ ಪರಿಚಿತ. ತಿಂಗಳಿಗೊಮ್ಮೆ ಐದನೆಯ ಟೈರನ್ನೂ ಅಳೆಯತಕ್ಕದ್ದು. 2020ರ ಜುಲೈ ತಿಂಗಳ ಅಧಿಸೂಚನೆಯ ನಂತರ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಮತ್ತು ಒತ್ತಡ ತೋರಿಸುವ ವ್ಯವಸ್ಥೆಯಿರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹೊಸ ಕಾರು ಕೊಳ್ಳುವವರು ಡಿಕ್ಕಿಯನ್ನು ತೆರೆದು ನೋಡಿಯೇ ಹಣ ಪಾವತಿಸುವುದೊಳಿತು. ಅಲಾಯ್ ಚಕ್ರಗಳ ಕಾರಿನಲ್ಲಿ ಸ್ಟೆಪ್ನಿಯು ಕಡಿಮೆ ಅಳತೆಯ ಉಕ್ಕಿನ ಚಕ್ರವಾಗಿರುವುದೂ ಉಂಟು. ಅದರ ಮೇಲೆ 80 ಕಿ.ಮೀ. ವೇಗದ ಮಿತಿಯ ಚೀಟಿಯಿದ್ದರೆ, ಅದು ರಿಪೇರಿ ಅಂಗಡಿ ತಲುಪುವಷ್ಟಕ್ಕೆ ಮಾತ್ರ.

ಓಡುತ್ತಿರುವಾಗ ಟೈರು ಸಿಡಿದರೆ ಬ್ರೇಕನ್ನು ಬಲವಾಗಿ ಒತ್ತಬಾರದು. ಸ್ಟೀರಿಂಗನ್ನು ಎರಡೂ ಕೈಗಳಿಂದ ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿದ ಮೇಲೆ ಎಡಬದಿಗೆ ತರಬೇಕು. ಗಾಳಿ ಇಳಿದ ಟೈರಿನ ಮೇಲೆ ಅರ್ಧ ಕಿಲೋಮೀಟರು ಓಡಿಸಿದರೂ ಪಕ್ಕದ ಮೈ ಒಳಗಿನಿಂದ ಅರೆದು ಹೋಗಿ, ಎರಡು ನೂರು ರೂಪಾಯಿಯ ಪಂಚರ್ ಕೆಲಸವು ಹೊಸ ಟೈರಿನ ಖರ್ಚಾಗಿ ಪರಿಣಮಿಸುತ್ತದೆ. ಹಾಗೆಂದು ಹೆದ್ದಾರಿಯ ಓಡುಪಥದಲ್ಲೇ, ಅಥವಾ ತಿರುವಿನಲ್ಲಿ, ಚಕ್ರ ಬಿಚ್ಚಲು ಕೂರುವುದು ಟೈರಿಗಿಂತ ಬಹಳ ಬೆಲೆಬಾಳುವುದನ್ನು ಪಣಕ್ಕಿಟ್ಟಂತೆ. ನಿಧಾನವಾಗಿ ಉರುಳಿಸಿಕೊಂಡು ಅಗಲವಾದ, ಸಮತಟ್ಟಾದ ಜಾಗಕ್ಕೆ ತಂದು, ನಾಲ್ಕೂ ದೀಪಗಳನ್ನು ಮಿನುಗಿಸಿ, ಎಚ್ಚರಿಕೆಯ ತ್ರಿಕೋನವನ್ನು ಐವತ್ತು ಹೆಜ್ಜೆಗೂ ಹಿಂದೆ ಇಡಬೇಕು. ಕಾರಿನೊಳಗಿರುವವರು ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಸುರಕ್ಷಿತ ಸ್ಥಳ ಸಿಗದಿದ್ದರೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಿ ನೆರವು ಪಡೆಯುವ ಸೌಲಭ್ಯವಿದೆ.

ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಬಿಚ್ಚುವ ಚಕ್ರಕ್ಕೆ ಎದುರು ಮೂಲೆಯ ಚಕ್ರದ ಹಿಂದೆ ಮುಂದೆ ಕಲ್ಲು ಇಡುವುದು ಮೊದಲ ಕೆಲಸ. ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕಾದುದು ಚಕ್ರ ಇನ್ನೂ ನೆಲದ ಮೇಲಿರುವಾಗಲೇ. ಜಾಕ್ ಏರಿಸಿದ ಮೇಲೆ ಬಲ ಹಾಕಿದರೆ ಚಕ್ರ ತಿರುಗುತ್ತದೆ, ಕಾರು ಜಾರುತ್ತದೆ. ಜಾಕನ್ನು ಕೈಪಿಡಿಯಲ್ಲಿ ತೋರಿಸಿರುವ ಸ್ಥಾನಕ್ಕೇ ಕೊಡಬೇಕು. ಮಣ್ಣು ಮೆತ್ತಗಿದ್ದರೆ ಕೆಳಗೆ ಒಂದು ಹಲಗೆ ಬೇಕು. ಸ್ಟೆಪ್ನಿಯನ್ನು ಬಾಗಿಲ ಕೆಳಗಿನ ಅಂಚಿನ ಅಡಿಗೆ ಮಲಗಿಸಿಟ್ಟರೆ, ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಜಾಕಿನ ಮೇಲಿರುವ ವಾಹನದ ಅಡಿಗೆ ಯಾರೂ ತಲೆಯಾಗಲಿ ಕೈಯಾಗಲಿ ಹಾಕಕೂಡದು. ಹೊಸ ಚಕ್ರವನ್ನು ಕೂರಿಸಿ, ನಟ್ಟಿನ ಇಳಿಜಾರು ಮುಖ ರಿಮ್ಮಿನ ಕಡೆಗಿರುವಂತೆ ಕೈಯಿಂದಲೇ ಎಲ್ಲವನ್ನೂ ಬಿಗಿಮಾಡಿ, ಜಾಕ್ ಇಳಿಸಿದ ನಂತರ ಒಂದಕ್ಕೊಂದು ಎದುರಾಗಿರುವ ಕ್ರಮದಲ್ಲಿ ಪೂರ್ಣವಾಗಿ ಬಿಗಿಮಾಡತಕ್ಕದ್ದು. ಸುತ್ತಲೂ ಸಾಲಾಗಿ ಬಿಗಿಮಾಡಿದರೆ ಚಕ್ರ ಓರೆಯಾಗಿ ಕೂರುತ್ತದೆ. ಸಣ್ಣ ಕಾರುಗಳಿಗೆ ಬಿಗಿಯ ಪ್ರಮಾಣ ಸುಮಾರು 85ರಿಂದ 110 ನ್ಯೂಟನ್ ಮೀಟರ್. ಸ್ಪ್ಯಾನರಿನ ಮೇಲೆ ನಿಂತು ಕುಣಿಯುವುದರಿಂದ ಬೋಲ್ಟಿನ ಮರೆ ಕೆಡುತ್ತದೆ, ಮುಂದಿನ ಬಾರಿ ಬಿಚ್ಚಲೂ ಆಗುವುದಿಲ್ಲ. ಐವತ್ತರಿಂದ ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು.

ಲಾರಿಯ ಚಕ್ರವೇ ಬೇರೆ. ಟ್ಯೂಬುಳ್ಳ ಲಾರಿ ಟೈರುಗಳ ರಿಮ್ಮಿನಲ್ಲಿ ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಪ್ರತ್ಯೇಕ ತುಂಡಾಗಿರುತ್ತದೆ. ಒಳಗೆ 100 ಪಿ.ಎಸ್.ಐ.ಗೂ ಮೇಲ್ಪಟ್ಟ ಒತ್ತಡವಿರುತ್ತದೆ. ತುಕ್ಕು ಹಿಡಿದ ಅಥವಾ ಸರಿಯಾಗಿ ಕೂರದ ಉಂಗುರವು ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವರು ಬದುಕುಳಿಯುವುದು ಕಷ್ಟ. ಇದಕ್ಕೆ ಬಲಿಯಾಗುವವರು ಹೆಚ್ಚಾಗಿ ಪಂಚರ್ ಅಂಗಡಿಯ ಹುಡುಗರು ಮತ್ತು ಲಾರಿಯ ಕ್ಲೀನರುಗಳು. ಸ್ವಂತ ಲಾರಿ ಇಟ್ಟಿರುವ ಗಿರಣಿ, ಗೋದಾಮುಗಳ ಮಾಲೀಕರು ಈ ಮೂರು ನಿಯಮಗಳನ್ನು ಬರೆದು ತೂಗುಹಾಕಿದರೆ ತಪ್ಪಾಗದು. ನಟ್ಟು ಸಡಿಲಿಸುವ ಮೊದಲು ವಾಲ್ವಿನ ಕಡ್ಡಿ ತೆಗೆದು ಪೂರ್ಣ ಗಾಳಿ ಬಿಡಬೇಕು, ಜೋಡಿ ಚಕ್ರವಾದರೆ ಎರಡರದೂ. ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ಕೊಳವೆಯಿಂದ, ಪಕ್ಕಕ್ಕೆ ನಿಂತು ತುಂಬಬೇಕು. ಟೈರು ಕೂರಿಸಿರುವ ರಿಮ್ಮಿಗೆ, ಗಾಳಿ ಇಲ್ಲದಿದ್ದರೂ, ಎಂದೂ ವೆಲ್ಡಿಂಗ್ ಮಾಡಕೂಡದು, ಏಕೆಂದರೆ ಬೆಂದ ರಬ್ಬರಿನಿಂದ ಹುಟ್ಟುವ ಅನಿಲವೇ ಸ್ಫೋಟಕ್ಕೆ ಸಾಕಾಗುತ್ತದೆ. ಕೆಲವು ಹಳೆಯ ಲಾರಿಗಳ ಎಡಬದಿಯ ನಟ್ಟುಗಳು ಎಡಮರೆಯವು ಎಂಬುದನ್ನೂ ಹೊಸ ಚಾಲಕರಿಗೆ ಮೊದಲೇ ತಿಳಿಸಬೇಕು.

ಪಂಚರ್ ಕೆಲಸದಲ್ಲಿ ಎರಡು ಬಗೆ. ಹೊರಗಿನಿಂದ ಹುರಿಯನ್ನು ತುರುಕುವುದು ಹತ್ತು ನಿಮಿಷದ ಕೆಲಸವಾದರೂ ತಾತ್ಕಾಲಿಕ. ಟೈರನ್ನು ರಿಮ್ಮಿನಿಂದ ಬಿಡಿಸಿ, ಒಳಮೈ ಪರೀಕ್ಷಿಸಿ, ಅಣಬೆಯಾಕಾರದ ತೇಪೆ ಹಾಕುವುದೇ ಸರಿಯಾದ ಕ್ರಮ. ಅದೂ ನೆಲಕ್ಕೆ ತಾಗುವ ಭಾಗದಲ್ಲಿ, ಸುಮಾರು 6 ಮಿ.ಮೀ. ಒಳಗಿನ ತೂತಿಗೆ ಮಾತ್ರ. ಪಕ್ಕದ ಮೈಯಲ್ಲಿ ತೂತಾದರೆ ರಿಪೇರಿಯಿಲ್ಲ. ಅಂತಹ ಟೈರಿಗೆ ಟ್ಯೂಬ್ ಹಾಕಿ ಓಡಿಸುವ ಸಲಹೆಯನ್ನು ಒಪ್ಪಬಾರದು.

ಲೆಕ್ಕಪತ್ರ, ತೆರಿಗೆ ಮತ್ತು ವಿಮೆ

ಹೊಸ ವಾಹನದೊಂದಿಗೆ ಬಂದ ಟೈರುಗಳ ಬೆಲೆ ವಾಹನದ ಬೆಲೆಯಲ್ಲೇ ಸೇರಿ ಅದಕ್ಕೆ ಸವಕಳಿ ದೊರೆಯುತ್ತದೆ. ಅನಂತರ ಬದಲಿಸಿದ ಟೈರು ರಿಪೇರಿಯ ರೂಪದ ಆದಾಯ ವೆಚ್ಚವಾಗಿ ಆ ವರ್ಷದ ಲಾಭನಷ್ಟ ಖಾತೆಗೆ ಹೋಗುತ್ತದೆ. ನಾಲ್ಕು ಟೈರುಗಳ ಬೆಲೆ ಸುಲಭವಾಗಿ ₹10,000 ಮೀರುತ್ತದೆ. ಒಂದೇ ದಿನ ಒಬ್ಬರಿಗೆ ಆ ಮಿತಿ ಮೀರಿ ನಗದಾಗಿ ಪಾವತಿಸಿದ ವೆಚ್ಚವು ಆದಾಯ ತೆರಿಗೆಯಲ್ಲಿ ಮಾನ್ಯವಾಗದೆಂಬುದು ಅನೇಕರಿಗೆ ಲೆಕ್ಕ ತಪಾಸಣೆಯ ವೇಳೆಯಲ್ಲೇ ನೆನಪಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ವಾಹನ ಟೈರುಗಳ ಜಿ.ಎಸ್.ಟಿ. ದರ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಸರಕು ಸಾಗಣೆ ವಾಹನದ ಟೈರಿನ ಮೇಲೆ ತೆತ್ತ ತೆರಿಗೆಯನ್ನು ನೋಂದಾಯಿತ ವರ್ತಕರು ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ಆದುದರಿಂದ ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯಿರಲೇಬೇಕು. ಹದಿಮೂರು ಆಸನಗಳವರೆಗಿನ ಕಾರು ಮುಂತಾದವುಗಳ ನಿರ್ವಹಣೆ, ರಿಪೇರಿ ಸೇವೆಗಳ ಮೇಲೆ ಮಾತ್ರ ಈ ಸೌಲಭ್ಯ ಸಾಮಾನ್ಯವಾಗಿ ನಿರ್ಬಂಧಿತವಾಗಿದೆ.

ವಿಮೆಯ ವಿಷಯದಲ್ಲಿ ನಿರಾಶೆ ಪಡುವವರೇ ಹೆಚ್ಚು. ಸಾಮಾನ್ಯ ಕಾರು ಪಾಲಿಸಿಯು ಟೈರು ಮತ್ತು ಟ್ಯೂಬಿಗೆ ಮಾತ್ರ ಆದ ಹಾನಿಯನ್ನು ತುಂಬಿಕೊಡುವುದಿಲ್ಲ. ಅದೇ ಅಪಘಾತದಲ್ಲಿ ವಾಹನಕ್ಕೂ ಹಾನಿಯಾಗಿದ್ದರೆ ಮಾತ್ರ ಬದಲಿ ಬೆಲೆಯ ಶೇ. 50ಕ್ಕೆ ಸೀಮಿತವಾಗಿ ಪರಿಹಾರ. ಸರಕು ವಾಹನಗಳ ಪಾಲಿಸಿಯಲ್ಲಿ ವಾಹನ ಪೂರ್ತಿ ನಷ್ಟವಾದ ಸಂದರ್ಭವನ್ನು ಬಿಟ್ಟರೆ ದೀಪ, ಟೈರು, ಮಡ್‌ಗಾರ್ಡುಗಳನ್ನು ಹೊರಗಿಟ್ಟಿರುತ್ತಾರೆ. ಹೆಚ್ಚುವರಿ ಪ್ರೀಮಿಯಂ ತೆತ್ತು ಐ.ಎಂ.ಟಿ. 23 ಎಂಬ ಅನುಬಂಧವನ್ನು ಸೇರಿಸಿಕೊಂಡರಷ್ಟೇ ಅವು ಒಳಗೆ ಬರುತ್ತವೆ. ನವೀಕರಣದ ವೇಳೆ ಏಜೆಂಟರು ಪ್ರೀಮಿಯಂ ತಗ್ಗಿಸಿ ತೋರಿಸಲು ಇದನ್ನೇ ಮೊದಲು ಕೈಬಿಡುವ ಸಂಭವವಿರುವುದರಿಂದ ಪಾಲಿಸಿಯ ಅನುಬಂಧಗಳ ಪಟ್ಟಿಯನ್ನು ಪರಿಶೀಲಿಸತಕ್ಕದ್ದು.

ನಾಲ್ಕಾರು ವಾಹನಗಳಿರುವ ಸಂಸ್ಥೆಗೆ ಒಂದು ಟೈರು ರಿಜಿಸ್ಟರು ಅವಶ್ಯ. ಟೈರಿನ ಕ್ರಮಸಂಖ್ಯೆ, ತಯಾರಿಕೆಯ ವಾರ, ಖರೀದಿಯ ಬಿಲ್ಲು, ಹಾಕಿದ ದಿನದ ಕಿಲೋಮೀಟರು, ಯಾವ ಚಕ್ರಸ್ಥಾನ, ರೀಟ್ರೆಡಿಂಗ್ ಆದ ದಿನಾಂಕ, ತೆಗೆದ ದಿನದ ಕಿಲೋಮೀಟರು, ಇಷ್ಟು ಅಂಕಣಗಳು ಸಾಕು. ₹6,000 ಬೆಲೆಯ ಟೈರು 40,000 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 15 ಪೈಸೆ. ₹4,800 ಬೆಲೆಯದು 25,000 ಕಿ.ಮೀ.ಗೆ ಸವೆದರೆ 19 ಪೈಸೆಗೂ ಹೆಚ್ಚು. ಯಾವುದು ಅಗ್ಗವೆಂಬುದು ರಿಜಿಸ್ಟರು ಇರುವ ಸಂಸ್ಥೆಗೆ ಮಾತ್ರ ತಿಳಿಯುತ್ತದೆ. ಒಂದೇ ವಾಹನದ ಒಂದೇ ಸ್ಥಾನದ ಟೈರು ಪದೇ ಪದೇ ಬೇಗ ಸವೆಯುತ್ತಿದ್ದರೆ ಅಲೈನ್‌ಮೆಂಟ್ ತಪ್ಪಿರುವುದೂ ಅಲ್ಲಿಯೇ ಕಾಣಿಸುತ್ತದೆ. ಹೊಸ ಟೈರು ಹಾಕಿಸಿದ ದಿನ ತೆಗೆದ ಹಳೆಯ ಟೈರುಗಳು ಎಲ್ಲಿ ಹೋದವು, ಎಷ್ಟಕ್ಕೆ ಮಾರಾಟವಾದವು ಎಂಬುದಕ್ಕೂ ಒಂದು ಅಂಕಣವಿಟ್ಟು, ಆ ಮೊತ್ತವನ್ನು ಜಮಾ ಬದಿಗೆ ತೋರಿಸತಕ್ಕದ್ದು.